ವಿಮಲಮ್ಮ ಓದಿ ಹೇಳಿದ ಹಾಳೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ನಡೆದ ಎಡವಟ್ಟಿಗೆಲ್ಲ ಅದೇ ಮೂಲ. ಆದರೆ ನಾನು ಹೇಳಹೊರಟಿರುವುದು ನನ್ನ ಕತೆಯಲ್ಲ, ಜಯನಗರ ನಾಲ್ಕನೇ ಟಿ ಬ್ಲಾಕಿನ ವಿಮಲಮ್ಮನವರದು. ಮೂವತ್ತೊಂದು ವರ್ಷ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿಂದೂರಿಗೆ ಲೈನು ಕೊಟ್ಟು ನಿವೃತ್ತರಾದ ಹೆಂಗಸು. ಕಂಪ್ಯೂಟರಿನಲ್ಲಿ ಒಂದು ಸಾಲು ಪ್ರೋಗ್ರಾಮು ಬರೆದವರಲ್ಲ. ಅಂಥವರು ಹನ್ನೊಂದು ತುಂಡುಗಳಾಗಿ ಒಡೆದುಹೋಗಿದ್ದ ನಮ್ಮ ತಂತ್ರಾಂಶವನ್ನು ಒಂದುಗೂಡಿಸಿ ಬಿಡುಗಡೆ ಮಾಡಿಸಿದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ತಂತ್ರಾಂಶದ ಹೆಸರು ‘ಹಾಳೆ’. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು 2001ರಲ್ಲಿ ನಾನು ಶುರು ಮಾಡಿದ್ದು. ಆಗ ನಾನು ಬನಶಂಕರಿಯ ಮನೆಯಿಂದ ಬನ್ನೇರುಘಟ್ಟ ರಸ್ತೆಯ ಒಂದು ಆಫೀಸಿಗೆ ಹೋಗಿಬರುತ್ತಿದ್ದೆ, ಬಿಡುವಿನಲ್ಲಿ ಹಾಳೆಯ ಕೆಲಸ. ಅದು ಓಪನ್ ಸೋರ್ಸ್. ಅಂದರೆ ಒಳಗಿನ ಪ್ರೋಗ್ರಾಮು ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮದೊಂದು ತುಂಡು ಬರೆದು ಅದಕ್ಕೆ ಜೋಡಿಸಬಹುದು. ಆ ತುಂಡಿಗೆ ಪ್ಲಗಿನ್ ಎನ್ನುತ್ತೇವೆ. ಒಬ್ಬರು ಕಾಗುಣಿತ ತಿದ್ದುವುದನ್ನು ಬರೆದರು, ಇನ್ನೊಬ್ಬರು ಪಂಚಾಂಗದ ಮನೆಗಳನ್ನು ಎಳೆಯುವುದನ್ನು ಬರೆದರು. ಐದು ವರ್ಷದಲ್ಲಿ ಒಂಬತ್ತು ಜನ ಹನ್ನೊಂದು ಪ್ಲಗಿನ್ ಬರೆದಿದ್ದರು. ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಎಲ್ಲ ಮೇಲ್‌ನಲ್ಲೇ.

2005ರ ಕೊನೆಗೆ ಹಾಳೆಯ ಎರಡನೇ ಆವೃತ್ತಿಗೆ ಕೈ ಹಾಕಿದೆ. ಅಕ್ಷರಗಳನ್ನು ಒಳಗೆ ಇಟ್ಟುಕೊಳ್ಳುವ ರೀತಿಯನ್ನೇ ಬದಲಾಯಿಸಿ, ಎಲ್ಲ ಕಂಪ್ಯೂಟರುಗಳೂ ಒಪ್ಪುವ ಯೂನಿಕೋಡ್‌ಗೆ ತಂದೆ. ತಂದದ್ದೇ ತಡ, ಹನ್ನೊಂದು ಪ್ಲಗಿನ್ನೂ ಮಕಾಡೆ ಮಲಗಿದವು. ಬರೆದವರೇ ಕೂತು ತಿದ್ದಿಕೊಡಬೇಕಿತ್ತು. ನಾನು ಒಂದು ಮೇಲ್ ಹಾಕಿದೆ, ಉತ್ತರವಿಲ್ಲ. ಎರಡು ಹಾಕಿದೆ, ಉಹೂಂ. ಮೂರನೆಯದನ್ನು ಬರೆಯುವ ಹೊತ್ತಿಗೆ ತಲೆ ಕೆಟ್ಟುಹೋಗಿತ್ತು. ‘ಸತ್ತ ಪ್ಲಗಿನ್ನುಗಳು’ ಎಂದು ದಪ್ಪ ಅಕ್ಷರದಲ್ಲಿ ತಲೆಬರಹ ಕೊಟ್ಟು, ಕೆಳಗೆ ಒಂಬತ್ತು ಜನರ ಹೆಸರನ್ನೂ ಸಾಲಾಗಿ ಬರೆದು, ಇವನ್ನೆಲ್ಲ ಕಿತ್ತು ಬಿಸಾಕುತ್ತೇನೆ ಎಂದು ಕಳಿಸಿಬಿಟ್ಟೆ.

ಎಂಟು ಜನ ಬಾಯಿ ಬಿಡಲಿಲ್ಲ. ಚಿಕ್ಕಲಸಂದ್ರದಲ್ಲಿದ್ದ ಶಾಮಣ್ಣ ಎಂಬ ನಿವೃತ್ತ ಗಣಿತದ ಮೇಷ್ಟ್ರಿಂದ ಮಾತ್ರ ಒಂದು ಪದದ ಉತ್ತರ ಬಂತು. ‘ಆಯ್ತು.’ ಸದ್ಯ, ಒಬ್ಬರಾದರೂ ಮುಗಿಸಿದರಲ್ಲ ಎಂದು ಖುಷಿಯಾಯಿತು. ನನ್ನ ಪಟ್ಟಿಯಲ್ಲಿ ಅವರ ಹೆಸರಿನ ಪಕ್ಕ ಹಸಿರು ಬಣ್ಣ ತುಂಬಿದೆ. ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಫೋನು ಬಂತು. ಹಾಳೆಯ ವೆಬ್‌ಸೈಟಿನ ಅಡಿಯಲ್ಲಿ ನನ್ನ ನಂಬರು ಹಾಕಿದ್ದೆ, ಅಲ್ಲಿಯವರೆಗೆ ಅದಕ್ಕೆ ಯಾರೂ ಫೋನು ಮಾಡಿರಲಿಲ್ಲ.

“ವಸಿಷ್ಠ ಅವರಾ? ನಾನು ವಿಮಲಾ ಅಂತ, ಜಯನಗರದಿಂದ. ನಮ್ಮ ನಿವೃತ್ತರ ಸಂಘದ ಪತ್ರಿಕೆ ನಿಮ್ಮ ಹಾಳೇಲೇ ಮಾಡೋದು. ‘ಜ್ಞಾನ’ ಅಂತ ಬರೆದ್ರೆ ಪ್ರಿಂಟಲ್ಲಿ ‘ಜಾನ’ ಅಂತ ಬರ್ತಿದೆಯಪ್ಪ. ಯಾರೋ ಜಾನಮ್ಮನ ಬಗ್ಗೆ ಲೇಖನ ಅಂದ್ಕೊಂಡಿದಾರೆ ಜನ.”

ಆ ಧ್ವನಿಯನ್ನು ಹೇಗೆ ಹೇಳಲಿ. ಸ್ವಲ್ಪ ಒಡೆದಂತಿತ್ತು, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಕಿವಿಯೊಳಗೆ ಕೂರುತ್ತಿತ್ತು. ನಾನು ಹೊಸ ಆವೃತ್ತಿ ಬಂದರೆ ಸರಿಹೋಗುತ್ತದೆ ಎಂದೆ. ಯಾವಾಗ ಎಂದರು. ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಈ ಒಂಬತ್ತು ಜನ ಎಂಥವರು, ಎಷ್ಟು ಬೇಜವಾಬ್ದಾರಿ, ಎಂದೆಲ್ಲ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅವರ ಹತ್ರ ಮಾತಾಡಿದೀಯಾ?”

“ಮೂರು ಮೇಲ್ ಹಾಕಿದೀನಿ ಮೇಡಂ.”

“ಮೇಲ್ ಅಲ್ಲಪ್ಪ. ಮಾತು. ನಂಬರುಗಳು ಇದ್ರೆ ಕೊಡು, ನಾನು ಒಂದು ಸಲ ಮಾಡ್ನೋಡ್ತೀನಿ. ನಂಗೇನು ಕೆಲಸ ಈಗ.”

ನಂಬರುಗಳು ನನ್ನ ಹತ್ತಿರ ಎಲ್ಲಿದ್ದವು? ಹೆಸರು, ಊರು ಇಷ್ಟೇ ಇದ್ದದ್ದು. ಅವನ್ನೇ ಕೊಟ್ಟೆ, ಶಾಮಣ್ಣನವರ ಹೆಸರನ್ನು ಬಿಟ್ಟು. ಅವರದು ಮುಗಿದಿದೆ ಎಂದೆ. ಮೂರನೇ ದಿನಕ್ಕೆ ವಿಮಲಮ್ಮ ಎಂಟು ಜನರನ್ನೂ ಹಿಡಿದಿದ್ದರು. ಸಾಗರದವರೊಬ್ಬರನ್ನು ಅವರ ಎದುರುಮನೆಯ ಔಷಧಿ ಅಂಗಡಿಯ ಮೂಲಕ, ಹಾಸನದವರನ್ನು ಅಲ್ಲಿನ ಎಕ್ಸ್‌ಚೇಂಜಿನ ಹಳೆಯ ಗೆಳತಿಯ ಮೂಲಕ. ಅವರು ಪ್ಲಗಿನ್ ಬಗ್ಗೆ ಮೊದಲು ಕೇಳುತ್ತಿರಲಿಲ್ಲ. ಊಟ ಆಯಿತಾ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲಿ ಕೆಲಸ, ಅಷ್ಟಾದ ಮೇಲೆ, “ನಿಮ್ಮದೊಂದು ಪ್ಲಗಿನ್ ಇದೆಯಂತಲ್ಲ, ಅದು ಇಲ್ಲದೆ ನಮಗೆ ಮುಂದಕ್ಕೆ ಹೋಗಕ್ಕಾಗ್ತಿಲ್ಲ” ಎನ್ನುತ್ತಿದ್ದರು. ಆಮೇಲೆ ನನಗೆ ಫೋನು ಮಾಡಿ, ಸಾಗರದವರಿಗೆ ಹೊಸ ಆವೃತ್ತಿಯ ಯಾವ ಭಾಗ ಅರ್ಥವಾಗಿಲ್ಲ, ಹಾಸನದವರು ಯಾವ ವಾರ ಕೂರಬಲ್ಲರು, ಯಾರದು ಮುಗಿದರೆ ಯಾರು ಶುರು ಮಾಡಬಹುದು, ಎಲ್ಲ ಹೇಳುತ್ತಿದ್ದರು. ನಾನು ಎರಡು ತಿಂಗಳು ಮೇಲ್ ಬರೆದು ಒಂದು ಇಂಚು ಅಲುಗಾಡಿಸಲು ಆಗದೇ ಇದ್ದದ್ದು ಮಾರ್ಚ್ ಮುಗಿಯುವುದರೊಳಗೆ ಅರ್ಧ ದಾರಿ ಬಂದಿತ್ತು. ನನಗೆ ನಂಬಲು ಆಗುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಅವರ ಮನೆಗೆ ಹೋದಾಗ ವಿಷಯ ತಿಳಿಯಿತು. ಧ್ವನಿ ಒಡೆದದ್ದು ನೆಗಡಿಗಲ್ಲ. ಗಂಟಲಿನಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಜೂನ್ ಹನ್ನೆರಡು, ಸೋಮವಾರ, ಆಪರೇಷನ್. ಅವರು ಇದನ್ನೂ ಟ್ರಂಕ್ ಕಾಲ್ ಬುಕ್ ಮಾಡಿಕೊಳ್ಳುವವರ ಹಾಗೆ ತಾರೀಖು, ವಾರ ಸಮೇತ ಹೇಳಿದರು.

“ಜೀವಕ್ಕೇನೂ ಭಯ ಇಲ್ಲವಂತೆ. ಮಾತು ಮಾತ್ರ ಇರಲ್ಲ.”

ಪಕ್ಕದಲ್ಲಿ ಅವರ ಗಂಡ ಗುಂಡಣ್ಣನವರು ಕೂತಿದ್ದರು. ಅದೇ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕನಕಪುರ ರಸ್ತೆಯ ಒಂದು ಕಂಬದ ಮೇಲೆ ಲೈನು ಪರೀಕ್ಷೆ ಮಾಡುವಾಗ ಅವರು ಮೊದಲು ಕೇಳಿದ್ದು ವಿಮಲಮ್ಮನ ಧ್ವನಿಯನ್ನು, ಮುಖ ನೋಡಿದ್ದು ಎಂಟು ತಿಂಗಳ ನಂತರ. ಅವರು ತಲೆ ಎತ್ತಲಿಲ್ಲ.

“ಅದಕ್ಕೇ ಆ ಚನ್ನವೀರಂದು ಬೇಗ ಆಗ್ಬೇಕು,” ಎಂದರು ವಿಮಲಮ್ಮ. “ನಂಗೆ ಬೇಕು ಅದು.”

ಚನ್ನವೀರ ಗದಗಿನ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ, ಒಂದು ಕೊರಿಯರ್ ಕಂಪನಿಯ ಆಫೀಸಿನಲ್ಲಿ ಕೆಲಸ. ಅವನ ಪ್ಲಗಿನ್ ಹೆಸರು ‘ಉಲಿ’. ಬರೆದದ್ದನ್ನು ಅದು ಗಟ್ಟಿಯಾಗಿ ಓದುತ್ತದೆ. ಕಿಟಕಿಗೆ ಹಾಸಿಗೆ ಒರಗಿಸಿ, ಹೊರಗಿನ ಗಲಾಟೆ ತಡೆದು, ಸಾವಿರದಿನ್ನೂರು ಅಕ್ಷರಗಳನ್ನು ತನ್ನದೇ ಧ್ವನಿಯಲ್ಲಿ ಒಂದೊಂದಾಗಿ ಹೇಳಿ ಅವನು ಹಿಡಿದಿಟ್ಟಿದ್ದ. ಉಲಿ ಅವನ್ನು ಹೊಂದಿಸಿ ಮಾತಾಡುತ್ತಿತ್ತು. ಆದರೆ ಹಳೆಯ ಹಾಳೆಯಲ್ಲಿ ಅದಕ್ಕೆ ಒತ್ತಕ್ಷರ ಗೊತ್ತಾಗುತ್ತಿರಲಿಲ್ಲ. ‘ಅನ್ನ’ ಎಂದರೆ ‘ಅನ’, ‘ಹೊಟ್ಟೆ’ ಎಂದರೆ ‘ಹೊಟೆ’, ‘ಕಷ್ಟ’ ಎಂದರೆ ಬರೀ ‘ಕಷ’. ಹೊಸ ಆವೃತ್ತಿಯಲ್ಲಿ ಇದು ಸರಿಹೋಗಬೇಕಿತ್ತು. ಸರಿಹೋದರೆ ವಿಮಲಮ್ಮ ಟೈಪು ಮಾಡಿ ಮಾತಾಡಬಹುದು. ಇಲ್ಲದಿದ್ದರೆ ಚೀಟಿ ಬರೆದು ತೋರಿಸಬೇಕು, ಕೈಸನ್ನೆ ಮಾಡಬೇಕು. ಜೀವನವಿಡೀ ಮಾತನ್ನೇ ಕೆಲಸ ಮಾಡಿಕೊಂಡಿದ್ದವರು.

ಬಿಡುಗಡೆಗೆ ಜೂನ್ ಹನ್ನೊಂದು ಎಂದು ನಿರ್ಧಾರವಾಯಿತು. ಇನ್ನೊಂದು ವಿಚಾರವನ್ನು ಚನ್ನವೀರನೇ ಒಂದು ದಿನ ಅವರ ಮನೆಯಲ್ಲಿ ಎತ್ತಿದ. ತನ್ನ ಧ್ವನಿ ಯಾಕೆ, ವಿಮಲಕ್ಕಾರ ಧ್ವನಿಯನ್ನೇ ಹಿಡಿದಿಟ್ಟರೆ ಉಲಿ ಅವರ ಹಾಗೆಯೇ ಮಾತಾಡುತ್ತದಲ್ಲ ಎಂದ. ದಿನಕ್ಕೆ ನಾಲ್ಕು ತಾಸಿನಂತೆ ಮೂರು ದಿನ ಬೇಕು. ಗುಂಡಣ್ಣನವರು ಆವತ್ತು ಮೊದಲ ಸಲ ತಲೆ ಎತ್ತಿ ಅವನ ಕೈ ಹಿಡಿದುಕೊಂಡರು. ಉಲಿಯ ಕೆಲಸ ಮುಗಿದ ಮೇಲೆ, ಜೂನ್ ಎಂಟು, ಒಂಬತ್ತು, ಹತ್ತು ಎಂದು ಗೊತ್ತು ಮಾಡಿದರು.

ಜೂನ್ ಐದನೇ ತಾರೀಖು ಚನ್ನವೀರ ಫೋನು ಮಾಡಿದ.

“ಸರ, ಹೊಸಾ ಹಾಳಿ ಒಳಗೂ ನಮ್ಮ ಉಲಿ ಒತ್ತಕ್ಷರ ನುಂಗಾಕ ಹತ್ತೈತ್ರಿ. ನಂದೇನೂ ತಪ್ಪಿಲ್ರಿ, ಹತ್ತು ಸಲ ನೋಡೀನಿ. ಅಕ್ಷರ ಬಿಡಿಸಿ ಕೊಡೋದು ‘ವರಸೆ’ ಅಲ್ರೀ? ಅದು ಇನ್ನೂ ಹಳೇದ ಐತ್ರಿ.”

‘ವರಸೆ’ ಶಾಮಣ್ಣ ಮೇಷ್ಟ್ರ ಪ್ಲಗಿನ್. ಪದಗಳನ್ನು ಅಕಾರಾದಿಯಲ್ಲಿ ಜೋಡಿಸುವುದಕ್ಕೆ ಬರೆದದ್ದು. ಅದಕ್ಕಾಗಿ ಅದು ಪ್ರತಿ ಪದವನ್ನೂ ಅಕ್ಷರ ಅಕ್ಷರವಾಗಿ ಬಿಡಿಸುತ್ತದೆ, ಉಲಿಯೂ ಅದರಿಂದಲೇ ಅಕ್ಷರ ತೆಗೆದುಕೊಳ್ಳುತ್ತದೆ. ನಾನು ನನ್ನ ಪಟ್ಟಿ ತೆಗೆದೆ. ಹಸಿರು. ವಿಮಲಮ್ಮನಿಗೆ ಫೋನು ಮಾಡಿ, ಮೇಷ್ಟ್ರು ಮುಗಿಸಿದ್ದಾಗಿ ಡಿಸೆಂಬರಿನಲ್ಲೇ ಬರೆದಿದ್ದಾರಲ್ಲ ಎಂದೆ. ಏನು ಬರೆದಿದ್ದಾರೆ ಎಂದು ಕೇಳಿದರು. ಓದಿದೆ. ಅದಕ್ಕೆ ಮುಂಚೆ ನಾನು ಏನು ಬರೆದಿದ್ದೆ ಎಂದು ಕೇಳಿದರು. ಅದನ್ನೂ ಓದಿದೆ. ಓದುತ್ತ ಓದುತ್ತ ನನ್ನ ಧ್ವನಿ ಸಣ್ಣದಾಯಿತು.

“ಅಯ್ಯೋ ರಾಮ. ಇದು ಮುಗೀತು ಅನ್ನೋ ಆಯ್ತು ಅಲ್ಲ ಕಣಪ್ಪ,” ಎಂದರು. “ನಿನ್ನ ಸಹವಾಸ ಸಾಕು ಅನ್ನೋ ಆಯ್ತು.”

ಮಾರನೇ ದಿನ ರಜೆ ಹಾಕಿ ಅವರ ಜೊತೆ ಆಟೋದಲ್ಲಿ ಚಿಕ್ಕಲಸಂದ್ರಕ್ಕೆ ಹೋದೆ. ಶಾಮಣ್ಣನವರ ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು. ಪೊರೆಯ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು, ಬಲಗಣ್ಣಿಗೂ ಪೊರೆ ತುಂಬಿ ಏನೂ ಕಾಣುತ್ತಿರಲಿಲ್ಲ. ಭಾನುವಾರ ಮಗಳು ಬಂದು ಮೈಸೂರಿಗೆ ಕರೆದುಕೊಂಡು ಹೋಗುವವಳಿದ್ದಳು, ಇನ್ನೊಂದು ಕಣ್ಣಿಗೂ ಅಲ್ಲೇ ಆಪರೇಷನ್, ಎರಡು ತಿಂಗಳು ಅಲ್ಲೇ ವಾಸ. ನಾನು ಹೆಸರು ಹೇಳಿದ ಕೂಡಲೇ ಅವರು ಮುಖ ತಿರುಗಿಸಿದರು.

“ಬದುಕಿರೋನ ಹೆಸರು ಸತ್ತವರ ಪಟ್ಟೀಲಿ ಹಾಕಿದೋನು ಇವನೇನಾ? ನಮ್ಮನೆಯವಳು ಅದನ್ನ ಓದಿ ಎರಡು ದಿನ ಊಟ ಬಿಟ್ಟಿದ್ಲು.”

ನಾನು ಕಾಲಿಗೆ ಬಿದ್ದೆ. ಬೇರೆ ಏನೂ ಮಾಡುವಂತಿರಲಿಲ್ಲ. ಆಮೇಲೆ ವಿಮಲಮ್ಮ ಮಾತಾಡಿದರು. ತಮ್ಮ ಗಂಟಲು, ಸೋಮವಾರ, ಉಲಿ, ಒತ್ತಕ್ಷರ, ಇಷ್ಟನ್ನೂ ಐದು ನಿಮಿಷದಲ್ಲಿ ಹೇಳಿದರು. ಮೇಷ್ಟ್ರು ಆ ಒಡಕು ಧ್ವನಿ ಬಂದ ಕಡೆ ತಿರುಗಿ ಕೂತರು.

“ಮಾಡ್ಕೊಡ್ತೀನಿ ತಾಯಿ. ಆದ್ರೆ ನಂಗೆ ಕಣ್ಣಿಲ್ಲವಲ್ಲ. ಯಾರಾದ್ರೂ ಓದ್ಬೇಕು, ನಾನು ಹೇಳಿದ್ದು ಹಾಕ್ಬೇಕು.”

ನಾನೇ ಓದುತ್ತೇನೆ ಎಂದೆ, ಬುಧವಾರ ಓದಲು ಕೂತೆ. ಆರುನೂರು ಸಾಲಿನ ಪ್ರೋಗ್ರಾಮು. ನಾನೇ ತಿದ್ದಿಬಿಡಬಹುದಿತ್ತು ಎಂದು ನೀವು ಕೇಳಬಹುದು, ಓಪನ್ ಸೋರ್ಸ್ ತಾನೇ. ಆದರೆ ಮೇಷ್ಟ್ರು ಅದರೊಳಗೆ ಮಾಹಿತಿ ಇಡುವ ಗೂಡುಗಳಿಗೆಲ್ಲ ತಮ್ಮ ಹಳೆಯ ವಿದ್ಯಾರ್ಥಿಗಳ ಹೆಸರು ಇಟ್ಟಿದ್ದರು. ಯಲ್ಲಪ್ಪ, ಮುತ್ತುರಾಜ, ಅಂಕಮ್ಮ, ಹೀಗೆ ನಲವತ್ತಮೂರು ಹೆಸರು, ಒಂದು ಇಡೀ ತರಗತಿ. ಯಾವಾಗಲೂ ಬೆಂಚಿನ ಕೆಳಗೆ ಕೂರುತ್ತಿದ್ದ ಮುತ್ತುರಾಜ ಒತ್ತಕ್ಷರ. ಬೇರೆಯವರ ಚೀಲ ಹೊರುತ್ತಿದ್ದ ಯಲ್ಲಪ್ಪ ಸ್ವರಚಿಹ್ನೆ. ಇದು ಮೇಷ್ಟ್ರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ನಾನು ಗಡಗಡ ಓದಿದೆ. ಮೇಷ್ಟ್ರು ನಿಲ್ಲಿಸು ಎಂದರು, ಮತ್ತೆ ಓದು ಎಂದರು. ಕಂಸ ಎಲ್ಲಿ ಮುಚ್ಚಿತು ಎಂದರು. ನನಗೆ ರೇಗಿತು. ಮಧ್ಯಾಹ್ನದ ಹೊತ್ತಿಗೆ ಅವರಿಗೂ ರೇಗಿತು. ಮೂವತ್ತು ಸಾಲು ಕೂಡ ಆಗಿರಲಿಲ್ಲ. ಸಂಜೆ ಚನ್ನವೀರ ಬಂದು ಓದಿದ. ಅವನ ಗದಗಿನ ಓಟಕ್ಕೆ ಮೇಷ್ಟ್ರ ಕಿವಿ ಹೊಂದಲಿಲ್ಲ.

ಮೂಲೆಯಲ್ಲಿ ಕೂತು ಕೇಳುತ್ತಿದ್ದ ವಿಮಲಮ್ಮ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಬಂದರು.

“ಸಾಲು ಮೂವತ್ತೊಂದು. ಇಫ್. ಕಂಸ ತೆಗೆದಿದೆ. ಯಲ್ಲಪ್ಪ. ಎರಡು ಈಕ್ವಲ್. ಮುತ್ತುರಾಜ. ಕಂಸ ಮುಚ್ಚಿದೆ.”

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ನೀವು ಓದಿದ್ರೆ ನಂಗೆ ಕಾಣತ್ತೆ ತಾಯಿ,” ಎಂದರು.

ಅವರು ಹೀಗೆ ಓದಿದರೆ ಆರುನೂರು ಸಾಲಿಗೆ ಮೂರು ದಿನ. ಗುರುವಾರ, ಶುಕ್ರವಾರ, ಶನಿವಾರ. ಅವರ ಧ್ವನಿಯನ್ನು ಹಿಡಿದಿಡಬೇಕು ಎಂದುಕೊಂಡಿದ್ದೂ ಅದೇ ಮೂರು ದಿನ. ಗಂಟಲು ದಿನಕ್ಕೆ ನಾಲ್ಕು ತಾಸಿಗಿಂತ ಹೆಚ್ಚು ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಓದುವಾಗಲೇ ಹಿಡಿದಿಡೋಣವೆಂದರೆ, ಉಲಿಗೆ ಬೇಕಾದ ಸಾವಿರದಿನ್ನೂರು ಅಕ್ಷರಗಳು ಆ ಸಾಲುಗಳಲ್ಲಿ ಎಲ್ಲಿದ್ದವು? ಎರಡರಲ್ಲಿ ಒಂದೇ ಸಾಧ್ಯ.

ಆವತ್ತು ರಾತ್ರಿ ವಿಮಲಮ್ಮನವರ ಮನೆಗೆ ಹೋಗಿ ಇದನ್ನು ಹೇಳಿದಾಗ ಗುಂಡಣ್ಣನವರು ನನ್ನ ಮೇಲೆ ಹರಿಹಾಯ್ದರು. ನನ್ನ ಜನ್ಮದಲ್ಲಿ ಅಷ್ಟು ಬೈಸಿಕೊಂಡಿರಲಿಲ್ಲ, ಒಂದಕ್ಕೂ ಎದುರು ಹೇಳಲಿಲ್ಲ. ತಪ್ಪೆಲ್ಲ ನನ್ನದೇ. ಡಿಸೆಂಬರಿನಲ್ಲಿ ಒಂದು ಫೋನು ಮಾಡಿದ್ದರೆ ಈ ಕಷ್ಟವೇ ಇರಲಿಲ್ಲ.

“ಮೇಷ್ಟ್ರ ಕಂಪ್ಯೂಟರ್ ಏನಾದ್ರೂ ಆಗ್ಲಿ,” ಎಂದರು ಅವರು, ಕೊನೆಗೆ ಹೆಂಡತಿಯ ಕಡೆ ತಿರುಗಿ. “ನಂಗೆ ನಿನ್ನ ಧ್ವನಿ ಬೇಕು ಕಣೇ. ಅಷ್ಟೇ. ಅದು ಅನ್ನನ ಅನ ಅಂದ್ರೂ ಪರವಾಗಿಲ್ಲ.”

“ನಂಗೆ ಪರವಾಗಿದೆ,” ಎಂದರು ವಿಮಲಮ್ಮ. “ಡಬ್ಬೀಲಿರೋ ನನ್ನ ಧ್ವನಿ ಇಟ್ಕೊಂಡು ಕೂತ್ಕೋತೀರಾ, ನಾನು ಹೇಳಿದ್ದು ಒಂದೂ ತಿಳಿಯದೆ? ನಂಗೆ ನಿಮ್ಮ ಹತ್ರ ಮಾತಾಡ್ಬೇಕು ರೀ. ದಿನಾ. ಹಾಲಿಲ್ಲ, ಕರೆಂಟ್ ಹೋಯ್ತು, ಮಾತ್ರೆ ತಗೊಂಡ್ರಾ, ಇವೆಲ್ಲ. ಯಾರ ಧ್ವನಿಯಾದ್ರೇನು?”

ಗುಂಡಣ್ಣನವರು ಎದ್ದು ಒಳಗೆ ಹೋದರು.

ಆ ಮೂರು ದಿನ ನಾನು ಕಂಡದ್ದನ್ನು ಮತ್ತೆಲ್ಲೂ ಕಂಡಿಲ್ಲ. ಬೆಳಿಗ್ಗೆ ಎರಡು ತಾಸು, ಊಟದ ನಂತರ ಎರಡು ತಾಸು. ಮೇಷ್ಟ್ರು ಕುರ್ಚಿಯಲ್ಲಿ ಪಟ್ಟಿ ಕಟ್ಟಿದ ಮುಖವನ್ನು ಎತ್ತಿ ಕೂರುತ್ತಿದ್ದರು. ವಿಮಲಮ್ಮ ಓದುತ್ತಿದ್ದರು, ಪ್ರತಿ ಚುಕ್ಕಿ, ಪ್ರತಿ ಕಂಸ, ಪ್ರತಿ ಖಾಲಿ ಜಾಗವನ್ನೂ. ಅವರಿಗೆ ಅದರ ಅರ್ಥ ತಿಳಿಯುತ್ತಿರಲಿಲ್ಲ, ಆದರೆ ಮೂವತ್ತೊಂದು ವರ್ಷ ಅರ್ಥ ಕೇಳದೇ ನಂಬರುಗಳನ್ನು ತಪ್ಪಿಲ್ಲದೆ ಹೇಳಿ ಅಭ್ಯಾಸವಿತ್ತು. ನಾನು ಪಕ್ಕದಲ್ಲಿ ಕೂತು ಮೇಷ್ಟ್ರು ಹೇಳಿದ್ದನ್ನು ಟೈಪು ಮಾಡುತ್ತಿದ್ದೆ. ನನ್ನ ಬಾಯಿ ಹೊಲಿದ ಹಾಗಿತ್ತು. ಅರ್ಧ ತಾಸಿಗೊಮ್ಮೆ ವಿಮಲಮ್ಮ ಒಂದು ಗುಟುಕು ಬಿಸಿನೀರು ಕುಡಿಯುತ್ತಿದ್ದರು, ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು, ಮತ್ತೆ ಬಿಟ್ಟ ಸಾಲಿನಿಂದಲೇ ಹಿಡಿಯುತ್ತಿದ್ದರು. ಶುಕ್ರವಾರ ಧ್ವನಿ ಅರ್ಧವಾಯಿತು. ಶನಿವಾರ ಗಾಳಿಯಷ್ಟೇ ಉಳಿದಿತ್ತು. ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕಿವಿಗೊಟ್ಟರು.

ಐನೂರ ಎಂಬತ್ತನೇ ಸಾಲಿನ ಆಸುಪಾಸಿನಲ್ಲಿ ವಿಮಲಮ್ಮ ಓದುವುದನ್ನು ನಿಲ್ಲಿಸಿದರು.

“ಮೇಷ್ಟ್ರೇ, ಮುತ್ತುರಾಜ ಇಲ್ಲಿ ಎರಡು ಸಲ ಬಂದಿದಾನೆ. ಹಿಂದೆ ಎಲ್ಲ ಕಡೆ ಒಂದೇ ಸಲ ಬಂದಿದ್ದ.”

ಮೇಷ್ಟ್ರು ತೊಡೆ ತಟ್ಟಿಕೊಂಡರು. ಎರಡು ಒತ್ತು ಒಟ್ಟಿಗೆ ಬಂದರೆ ಎರಡನೆಯದೂ ಮೊದಲನೆಯದರ ಗೂಡಿಗೇ ಬಿದ್ದು ‘ವರಸೆ’ ಅಲ್ಲೇ ಮುಗ್ಗರಿಸುತ್ತಿತ್ತು. ‘ರಾಷ್ಟ್ರ’, ‘ಸ್ತ್ರೀ’ ಇಂಥವು. ಐದು ವರ್ಷದಿಂದ ಇದ್ದ ತಪ್ಪು, ಬರೆದ ಮೇಷ್ಟ್ರಿಗೇ ಗೊತ್ತಾಗಿರಲಿಲ್ಲ, ಆರು ಸಲ ನೋಡಿದ್ದ ನನಗೂ ಕಂಡಿರಲಿಲ್ಲ. ಪ್ರೋಗ್ರಾಮು ಎಂದರೇನೆಂದು ಗೊತ್ತಿಲ್ಲದ ಹೆಂಗಸು ಅದನ್ನು ಕಿವಿಯಿಂದಲೇ ಹಿಡಿದಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನಿಲ್ಲ.

ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ವಿಮಲಮ್ಮ ಒಂಬತ್ತು ಜನಕ್ಕೂ ಫೋನು ಮಾಡಿದರು. ಬೇಡ ಎಂದರೆ ಕೇಳಲಿಲ್ಲ. ಪಿಸುಮಾತಿನಲ್ಲಿ ಒಬ್ಬೊಬ್ಬರಿಗೂ ಒಂದೇ ನಿಮಿಷ. ಹಾಳೆ ಇವತ್ತು ಹೊರಗೆ ಬರತ್ತೆ, ನಿಮ್ಮದು ಸೇರಿದೆ, ಉಪಕಾರ ಆಯ್ತು. ಸಾಗರದವರು ಅತ್ತರಂತೆ. ಹತ್ತೂವರೆಗೆ ಹನ್ನೊಂದು ಪ್ಲಗಿನ್ನುಗಳ ಸಮೇತ ಹಾಳೆಯ ಎರಡನೇ ಆವೃತ್ತಿ ಹೊರಗೆ ಬಂತು. ಒಂದೂ ಹಿಂದೆ ಉಳಿಯಲಿಲ್ಲ. ನಾನು ಆಮೇಲೆ ದೊಡ್ಡ ದೊಡ್ಡ ಕಂಪನಿಗಳ ಬಿಡುಗಡೆಗಳನ್ನು ನೋಡಿದ್ದೇನೆ, ಇನ್ನೂರು ಮುನ್ನೂರು ಜನ ಸೇರಿ ಮಾಡಿದಂಥವು. ಅಲ್ಲೂ ಯಾವುದೋ ಒಂದು ತುಂಡು ಹಿಂದೆ ಉಳಿದೇ ಉಳಿಯುತ್ತದೆ.

ಆಪರೇಷನ್ ಚೆನ್ನಾಗಿ ಆಯಿತು. ಜುಲೈ ಮೊದಲ ವಾರ ಅವರನ್ನು ಮನೆಗೆ ಕಳಿಸಿದರು. ಅದಾದ ಎರಡನೇ ದಿನ ನಾನೂ ಚನ್ನವೀರನೂ ಹೋದೆವು. ನನಗೆ ಗುಂಡಣ್ಣನವರ ಭಯ. ಚನ್ನವೀರನಿಗೆ ಬೇರೆಯೇ ಸಂಕಟ, ದಾರಿಯುದ್ದಕ್ಕೂ ಅದನ್ನೇ ಹೇಳಿದ.

“ಆ ಮನಿಯಾಗ ನನ್ನ ದನಿ ಕೇಳಿದ್ರ ಅವರಿಗೆ ಹೆಂಗ ಅನಸ್ತೈತ್ರಿ ಸರ? ಗಂಡಸಿನ ದನಿ. ಅದೂ ಪರಊರಾಂವನ ದನಿ.”

ಬಾಗಿಲು ತೆಗೆದವರು ಗುಂಡಣ್ಣನವರೇ. ಬನ್ನಿ ಎಂದರು, ಅದಕ್ಕಿಂತ ಒಂದು ಪದ ಹೆಚ್ಚಿಲ್ಲ. ಕಾಫಿ ಮಾಡಲು ಒಳಗೆ ಹೋದರು. ವಿಮಲಮ್ಮ ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ, ಸೊರಗಿದ ಮುಖ. ನಮ್ಮನ್ನು ನೋಡಿ ನಕ್ಕು, ಟೈಪು ಮಾಡಿದರು. ಕೈ ಮಾತ್ರ ಮೊದಲಿನಷ್ಟೇ ಚುರುಕು. ಸ್ಪೀಕರಿನಿಂದ ಚನ್ನವೀರನ ಧ್ವನಿ ಬಂತು, ಏರಿಳಿತವಿಲ್ಲದೆ, ಗದಗಿನ ಗಟ್ಟಿತನದಲ್ಲಿ, ಒಂದು ಒತ್ತಕ್ಷರವೂ ಬಿಡದೆ.

“ಬನ್ನಿ. ಕೂತ್ಕೊಳ್ಳಿ. ಚೆನ್ನಾಗಿದ್ದೀರಾ?”

ಚನ್ನವೀರ ತನ್ನದೇ ಧ್ವನಿಗೆ ಉತ್ತರ ಕೊಡಲಾಗದೆ ನೆಲ ನೋಡುತ್ತ ಕೂತ. ಅವನ ಕಿವಿ ಕೆಂಪಾಗಿತ್ತು. ವಿಮಲಮ್ಮ ಅಡುಗೆಮನೆಯ ಕಡೆ ಕಿವಿಗೊಟ್ಟು, ಗಡಿಬಿಡಿಯಲ್ಲಿ ಮತ್ತೆ ಏನನ್ನೋ ಟೈಪು ಮಾಡಿದರು.

“ರೀ. ಹಾಲು ಉಕ್ಕತ್ತೆ ನೋಡ್ರಿ.”

ಗುಂಡಣ್ಣನವರು ನಮ್ಮ ಕಡೆ ತಿರುಗಲೂ ಇಲ್ಲ. ಒಲೆಯ ಮುಂದಿನಿಂದಲೇ ಕೂಗಿದರು.

“ನೋಡ್ತಾ ಇದೀನಿ ಕಣೇ, ಕಣ್ಣಿಲ್ವಾ ನಂಗೆ? ಎಷ್ಟು ಮಾತಾಡ್ತೀಯೇ ನೀನು.”